ಆರು ನಿಮಿಷದ ಓದು

ಗಣಿಯ ಕ್ಲಬ್ಬಿಗೆ ಬೀಗ ಬಿದ್ದ ದಿನ
ಪುಸ್ತಕಗಳನ್ನು ಆಲೂಗಡ್ಡೆ ಚೀಲಕ್ಕೆ ತುಂಬಿ
ಬಾಗಿಲಾಚೆ ಇಟ್ಟಿದ್ದರು, ಬೇಕಾದವರು ಒಯ್ಯಲಿ ಎಂದು.
ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಒಟ್ಟು ಏಳು.
ಆರಿಸಿ ತಂದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕ್ವಿರಿಲಾ ನದಿಯ ಮೇಲೆ ಕೇಬಲ್ ಕಾರು ನಡೆಸುವವಳು ನಾನು.
ತಳದ ಪೇಟೆಯಿಂದ ಮೇಲಿನ ಓಣಿಗೆ ಆರು ನಿಮಿಷ,
ಇಳಿಯಲು ಮತ್ತಾರು.
ನನ್ನ ಓದೂ ಅಷ್ಟೇ: ಗಂಟೆ ಬಾರಿಸಿದರೆ ಶುರು,
ಬಾಗಿಲು ತೆರೆದರೆ ವಾಕ್ಯ ಎಲ್ಲಿತ್ತೋ ಅಲ್ಲೇ ನೇತಾಡುತ್ತದೆ.

ಮೊದಲು ಓದಿದ್ದು ಜೇನುಸಾಕಣೆ.
ನನಗೆ ಜೇನೂ ಇಲ್ಲ, ಪೆಟ್ಟಿಗೆ ಇಡಲು ಹಿತ್ತಿಲೂ ಇಲ್ಲ.
ರಾಣಿ ಸತ್ತರೆ ಸಂಜೆಯೊಳಗೆ ಗೂಡಿಗೆಲ್ಲ ಗೊತ್ತಾಗುತ್ತದಂತೆ.
ಗಣಿ ಸತ್ತದ್ದು ನಮಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಆಮೇಲೆ ಪದ್ಯ. ಕವಿಯ ಹೆಸರಿದ್ದ ಪುಟ ಹರಿದಿದೆ.
ಚಂದ್ರ ನಲವತ್ತೊಂದು ಸಲ ಬರುತ್ತಾನೆ, ಎಣಿಸಿದೆ.
ಅತಿಯಾಯಿತು ಮಾರಾಯ ಎಂದು ಮುಚ್ಚಿಟ್ಟವಳು
ಕೊನೆಯ ಪಾಳಿ ಮುಗಿಸಿ ಇಳಿಯುವಾಗ ತಲೆಯೆತ್ತಿದೆ.
ನಲವತ್ತೆರಡು.

ಹಡಗಿನವನೊಬ್ಬನ ದಿನಚರಿ:
ಸಮುದ್ರಕ್ಕಿಂತ ಹಲ್ಲುನೋವಿನ ವರ್ತಮಾನವೇ ಹೆಚ್ಚು.
ಯಾಕೋ ಅವನು ಹಿಡಿಸಿದ.

ಅಡುಗೆ ಪುಸ್ತಕದಲ್ಲಿ ಅಚ್ಚಾದದ್ದನ್ನು ಓದಲೇ ಇಲ್ಲ.
ಅಂಚಿನಲ್ಲಿ ಯಾವಳದೋ ಪೆನ್ಸಿಲು:
‘ಈ ಉಪ್ಪು ಸುಳ್ಳು, ಅರ್ಧ ಸಾಕು.’
ವಾಲ್ನಟ್ ಹಾಕಿದ ಬದನೆಯ ಪಕ್ಕ, ‘ವಾಲಿಕೋಗೆ ಇಷ್ಟ.’
ಇಪ್ಪತ್ತು ಪುಟ ದಾಟಿದರೆ ಹುಳಿ ಪ್ಲಮ್ಮಿನ ಸಾರು,
ಪಕ್ಕದಲ್ಲಿ, ‘ಇದನ್ನು ಇನ್ನು ಮಾಡುವುದಿಲ್ಲ.’
ಅಲ್ಲಿಂದಾಚೆ ಅಂಚೆಲ್ಲ ಬಿಳಿ.
ಎರಡು ದಿನ ಹತ್ತುವವರ ಮುಖವನ್ನೆಲ್ಲ ದಿಟ್ಟಿಸಿದೆ,
ಇವಳೇ ಇರಬಹುದೇ, ಇವಳೇ?

ಏಳುನೂರು ಪುಟದ ಪ್ರೇಮಕತೆಯೂ ಒಂದಿತ್ತು.
ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ಹುಡುಗಿ, ಒಂದು ಕುದುರೆ.
ಕುದುರೆ ಸತ್ತಾಗ ಅತ್ತೆ. ಉಳಿದವರು ಹೇಗಾದರೂ ಮಾಡಿಕೊಳ್ಳಲಿ.
ಈಗ ಅದು ನನ್ನ ಸ್ಟೂಲಿನ ಮೇಲಿದೆ,
ಅದರ ಮೇಲೆ ಕೂತರೆ ಕಿಟಕಿ ಎಟುಕುತ್ತದೆ.

ಪತ್ತೇದಾರಿಯನ್ನು ಮಾತ್ರ ಗಟ್ಟಿಯಾಗಿ ಓದಿದೆ,
ದಿನಾ ಮೊಟ್ಟೆಬುಟ್ಟಿ ಹೊತ್ತು ಬರುವ ಲಾಮಾರಾಳಿಗಾಗಿ.
ಕಣ್ಣಿನ ಪೊರೆ ಅವಳಿಗೆ, ಕಿವಿ ಮಾತ್ರ ಹಾವಿನದು.
ಕೊನೆಯ ಹನ್ನೊಂದು ಹಾಳೆ ಇಲ್ಲವೆಂದು ಗೊತ್ತಾದದ್ದು
ನಡು ಕಣಿವೆಯಲ್ಲಿ. ಯಾರೋ ಸೂರ್ಯಕಾಂತಿ ಬೀಜ ಕಟ್ಟಿರಬೇಕು.
‘ಕೊಂದವರು ಯಾರೇ?’ ಎಂದಳು.
ಹೇಗೆ ಹೇಳಲಿ ಇಲ್ಲವೆಂದು?
ಇಲ್ಲದ ಪುಟ ಮಗುಚಿ ಮೂರು ದಿನ ಓದಿದೆ.
ಔಷಧಿ ಅಂಗಡಿಯವನೇ ಕೊಂದ, ಮಂಜಿನಲ್ಲಿ ಓಡಿದ,
ಓಡುವ ಮುಂಚೆ ಹಿಂದೆ ಬಂದು ಬೆಕ್ಕನ್ನು ಎತ್ತಿಕೊಂಡ.

ಮಾರ್ಚಿನಲ್ಲಿ ಅವಳ ಸೋದರಳಿಯ ಇಡೀ ಪುಸ್ತಕವನ್ನೇ ತಂದು ಓದಿಕೊಟ್ಟ.
‘ಕೊಂದದ್ದು ತಂಗಿ’ ಎಂದಳು ಲಾಮಾರಾ, ಮುಖ ತಿರುಗಿಸಿ.
ಎರಡು ದಿನ ಮಾತಿಲ್ಲ.
ಮೂರನೆಯ ದಿನ ಇಳಿಯುವಾಗ ಎರಡು ಮೊಟ್ಟೆ ಕೊಟ್ಟು,
‘ಇದರಲ್ಲಿ ಬೆಕ್ಕೇ ಇಲ್ಲವಲ್ಲೇ’ ಎಂದಳು.

ಉಳಿದದ್ದು ಹಗ್ಗಗಳ ಕೈಪಿಡಿ, ಎಂಜಿನಿಯರುಗಳಿಗಾಗಿ.
ಉಕ್ಕಿನ ಹಗ್ಗ ಎಷ್ಟು ವರ್ಷ ಬಾಳುತ್ತದೆಂದು
ಅರವತ್ತನೆಯ ಪುಟದಲ್ಲಿ ಬರೆದಿದೆ.
ನಮ್ಮದರ ವಯಸ್ಸು ನನಗೆ ಗೊತ್ತು. ಪುಸ್ತಕ ಮುಚ್ಚಿದೆ.

ನಿನ್ನೆ ಕರೆಂಟು ಹೋಯಿತು. ನದಿಯ ಮೇಲೆ ನಿಂತೆವು,
ನಾನು, ಲಾಮಾರಾ, ಶಾಲೆಯ ಮೂರು ಮಕ್ಕಳು,
ಬಾಗಿಲಿನ ಸರಳನ್ನು ಬಿಡದೆ ಹಿಡಿದ ಬೋಳುತಲೆಯವನು.
ಗಾಳಿಗೆ ಪೆಟ್ಟಿಗೆ ತೂಗುತ್ತಿತ್ತು.
‘ಏನಾದರೂ ಓದೇ’ ಎಂದಳು ಲಾಮಾರಾ.
ಚೀಲದಲ್ಲಿದ್ದದ್ದು ಆ ಕೈಪಿಡಿಯೊಂದೇ.
ಓದಿದೆ: ಎಳೆ, ಹುರಿ, ನಾರಿನ ತಿರುಳು, ಗ್ರೀಸು.
ಮಕ್ಕಳು ಸುಮ್ಮನಾದರು.
ಬೋಳುತಲೆಯವನು ಒಂದು ಕೈ ಬಿಟ್ಟ.
ಅರವತ್ತನೆಯ ಪುಟ ಬಂದಾಗ
ದನಿ ಬದಲಿಸದೆ
ಆ ಬೆಕ್ಕನ್ನು ಕರೆದೆ.